ಬಲೆಗೆ ಬಿದ್ದ ನವಿಲು

ಶಾಲೆಯ ಬಿಸಿಯೂಟದ ಪಾತ್ರೆಗಳನ್ನು ತೊಳೆದು ಕವುಚಿಟ್ಟು ಹೊಲದ ಕಡೆ ಹೊರಟಾಗ ಮಂಚಮ್ಮನಿಗೆ ಸೊಂಟ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಹಸು ಕರೆದು ಡೈರಿಗೆ ಹಾಲು ಹಾಕಿದವಳು, ಆಮೇಲೆ ನೂರಿಪ್ಪತ್ತು ಮಕ್ಕಳಿಗೆ ಅನ್ನ ಸಾರು ಮಾಡಿ ಬಡಿಸಿದ್ದಳು. ಗಂಡ ಚಿಕ್ಕಮಾದಯ್ಯ ಕಬ್ಬು ಅರೆಯುವ ಕಾಲದ ಕೆಲಸಕ್ಕೆಂದು ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗಿದ್ದ. ಅಲಸಂದೆ ಕಾಯಿ ಕಟ್ಟಿತ್ತು. ಕಾಯದಿದ್ದರೆ ನವಿಲುಗಳು ಒಂದು ಕಾಯಿಯನ್ನೂ ಉಳಿಸುತ್ತಿರಲಿಲ್ಲ.

ಹೊಲದ ಸುತ್ತ ಕಟ್ಟಿದ ಹಳೆ ಸೀರೆಗಳಿಗೆ ನವಿಲುಗಳು ಹೆದರುವುದನ್ನು ಎಂದೋ ಬಿಟ್ಟಿದ್ದವು. ಅದರಲ್ಲೂ ಮರಿಗಳನ್ನು ಕರೆದುಕೊಂಡು ಬರುವ ಒಂದು ಹೆಣ್ಣು ನವಿಲಿಗೆ ಮಂಚಮ್ಮನ ಭಯವೇ ಇರಲಿಲ್ಲ. "ನಿನ್ ಮನೆ ಹಾಳಾಗ" ಎಂದು ಅವಳು ಹೆಂಟೆ ಎಸೆಯುತ್ತಿದ್ದಳು. ಹೆಂಟೆ ದಿನಾ ಎರಡು ಮಾರು ಈಚೆಗೇ ಬೀಳುತ್ತಿತ್ತು. ಬೀಳುವಂತೆಯೇ ಎಸೆಯುತ್ತಿದ್ದಳು. ಮರಿಗಳು ಕಾಯಿ ಕಚ್ಚಿಕೊಂಡು ಒಂದರ ಹಿಂದೆ ಒಂದು ಓಡುವುದನ್ನು ನೋಡುವಾಗ ಮಾತ್ರ ಅವಳ ಮುಖದ ಬಿಗಿ ಸಡಿಲವಾಗುತ್ತಿತ್ತು.

ಆವತ್ತು ಬದು ಹತ್ತುವಾಗಲೇ ಮರಿಗಳ ಕಿರುಚಾಟ ಕೇಳಿಸಿತು. ಪಕ್ಕದ ಹೊಲ ಮೈದುನ ಪುಟ್ಟರಾಜುವಿನದು. ಹಂದಿ ಕಾಟಕ್ಕೆಂದು ಅವನು ಶ್ರೀರಂಗಪಟ್ಟಣದ ಮೀನು ಹಿಡಿಯುವವರಿಂದ ಹಳೆ ಬಲೆ ತಂದು ಕಟ್ಟಿದ್ದ. ನವಿಲು ಅದರಲ್ಲಿ ಕತ್ತು, ಕಾಲು, ರೆಕ್ಕೆ ಎಲ್ಲ ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು.

"ಇದೊಂದು ಬಾಕಿ ಇತ್ತು ನಂಗೆ" ಎಂದು ಗೊಣಗುತ್ತಲೇ ಮಂಚಮ್ಮ ಟವೆಲನ್ನು ಅದರ ತಲೆಯ ಮೇಲೆ ಹಾಕಿದಳು. ಕಣ್ಣು ಮುಚ್ಚಿದ್ದೇ ಹಕ್ಕಿ ಸ್ವಲ್ಪ ಸುಮ್ಮನಾಯಿತು. ಕುಡುಗೋಲಿನಿಂದ ಎಳೆ ಎಳೆಯಾಗಿ ಕೊಯ್ದಳು. ಕಾಲು ಬಿಡುಗಡೆಯಾದಾಗ ಉಗುರು ಅವಳ ಮುಂಗೈಯನ್ನು ಉದ್ದಕ್ಕೆ ಸೀಳಿತು. ಆದರೂ ಕೈಬಿಡಲಿಲ್ಲ. ಕೊನೆಯ ಎಳೆ ಕಡಿದ ಮೇಲೆ ಹಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತುಬಿಟ್ಟಳು. ಏಳಲು ಅವಳಲ್ಲೂ ಶಕ್ತಿ ಇರಲಿಲ್ಲ, ಅದರಲ್ಲೂ ಇರಲಿಲ್ಲ. ಅಂಗೈ ಕೆಳಗೆ ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಮೈ ಬಿಸಿಯಾಗಿ, ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಟವೆಲು ತೆಗೆದಳು. ನವಿಲು ಕುಂಟುತ್ತಾ ಮರಿಗಳ ಕಡೆ ಹೋಯಿತು.

ಅಷ್ಟರಲ್ಲಿ ಪುಟ್ಟರಾಜು ಬಂದ. "ಏನ್ ಅತ್ಗೆ ಇದು? ಬಲೆ ಎಲ್ಲಾ ಕುಯ್ದಾಕ್ಬುಟ್ಟಿದ್ದೀಯ! ಅಂದಿ ನುಗ್ಗುದ್ರೆ ಏನ್ ಮಾಡ್ಲಿ?"

"ನವ್ಲು ಸಿಕ್ಕಾಕ್ಕೊಂಡಿತ್ತು ಕಣಪ್ಪ. ಬೈಬ್ಯಾಡ. ನಾನೇ ಗಂಟಾಕ್ಕೊಡ್ತೀನಿ, ದಾರ ತಕ್ಕೊಂಬಾ."

ಅವನು ಮೋಟಾರು ಮನೆಯಿಂದ ದಾರದ ಉಂಡೆ ತಂದು ಅವಳ ಮುಂದೆ ಹಾಕಿದ. ಅವಳು ಬಲೆಯ ಒಂದೊಂದೇ ಕಣ್ಣಿಗೆ ಗಂಟು ಹಾಕತೊಡಗಿದಳು. ಮುಂಗೈಯ ರಕ್ತ ಬಲೆಗೆ ಅಂಟುತ್ತಿದ್ದುದನ್ನು ನೋಡಿ ಪುಟ್ಟರಾಜು ತಾನೂ ಕೂತು ಇನ್ನೊಂದು ತುದಿ ಹಿಡಿದ.

"ಮರಿ ಎಲ್ಲಾ ಇದ್ವಾ?" ಎಂದ ಆಮೇಲೆ, ತಲೆ ಎತ್ತದೆ.

"ನಾಕವೆ."

"ಮೊನ್ನೆ ಐದಿದ್ವಲ್ಲ? ಆ ಮೋಟು ಬಾಲದ್ದು ಇತ್ತಾ?"

ಮಂಚಮ್ಮ ಕೈ ನಿಲ್ಲಿಸಿ ಅವನ ಮುಖ ನೋಡಿದಳು. ಇವನೂ ನೋಡುತ್ತಿದ್ದ ಹಾಗಾದರೆ! "ಅದು ಐತೆ ಬುಡು. ಮುಂದ್ಗಡೆ ಓಡ್ತಿತ್ತು" ಎಂದಳು. ಪುಟ್ಟರಾಜು ಗಂಟಲಲ್ಲೇ ನಕ್ಕ. "ಕಳ್ಳಮುಂಡೇದು. ನಮ್ಮ ಎಮ್ಮೆ ಬೆನ್ ಮ್ಯಾಲೇ ಹತ್ಕೊಂಡಿತ್ತು ಅವತ್ತು."

ಬಲೆ ನವಿಲುಗಳ ಕಣ್ಣಿಗೆ ಕಾಣಲೆಂದು ಹಳೆ ಸೀರೆಯೊಂದನ್ನು ಹರಿದು ಉದ್ದಕ್ಕೂ ಬಿಳಿ ಚೂರುಗಳನ್ನು ಕಟ್ಟಿದರು. ಮುಗಿಯುವ ಹೊತ್ತಿಗೆ ಸೂರ್ಯ ತೆಂಗಿನ ಸಾಲಿನ ಕೆಳಗೆ ಇಳಿದಿದ್ದ. ಹಾಲು ಕರೆಯುವ ಹೊತ್ತು ಮೀರಿತ್ತು. ಮಂಚಮ್ಮ ಏಳಲು ನೋಡಿದಳು. ಅರ್ಧ ಎದ್ದು ಮತ್ತೆ ಕೂತಳು.

"ನಾಳೆ ನೀನು ಬರ್ಬ್ಯಾಡ ಅತ್ಗೆ. ಎರಡೂ ಹೊಲ ನಾನೇ ಕಾಯ್ತೀನಿ" ಎಂದ ಪುಟ್ಟರಾಜು.

ಹಾಗೆಂದು ಯಾರಾದರೂ ಅವಳಿಗೆ ಹೇಳಿ ಎಷ್ಟೋ ತಿಂಗಳಾಗಿತ್ತು. ಗಾಯವಿಲ್ಲದ ಕೈ ಚಾಚಿದಳು. ಅವನು ಹಿಡಿದು ಎಬ್ಬಿಸಿದ.