ಜೆನೆಬಾಳ ಬೆನ್ನಿಂದ ಇಳಿದ ಮರಿ

ಹೊಲಕ್ಕೆ ಹೋದವರು ಕಾಡಂಚಿನಿಂದ ಏನಾದರೊಂದು ಹೊತ್ತು ತರುವುದು ನಮ್ಮೂರಲ್ಲಿ ಇದ್ದದ್ದೇ. ಸೌದೆ ತರುತ್ತಾರೆ, ಜೇನು ತರುತ್ತಾರೆ. ನನ್ನ ಮೈದುನ ಒಂದು ಸಲ ಚಿಂಪಾಂಜಿ ಮರಿಯನ್ನು ತಂದ. ಯಾರೋ ಪರವೂರಿನ ಬೇಟೆಗಾರ ಅದರ ತಾಯಿಯನ್ನು ಕೊಂದುಹಾಕಿದ್ದ. ಮರಿ ಹೆಣವನ್ನು ತಬ್ಬಿಕೊಂಡು ಕೂತಿತ್ತಂತೆ.

ಮೈದುನನ ಹೆಂಡತಿ ಜೆನೆಬಾ ಅದನ್ನು ಕಂಡದ್ದೇ ತಡ, ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡಳು. ಕೂಸನ್ನು ನೆಲಕ್ಕೆ ಬಿಟ್ಟು ಕೆಲಸ ಮಾಡುವ ತಾಯಿಯನ್ನು ನಮ್ಮಲ್ಲಿ ಯಾರೂ ಮೆಚ್ಚುವುದಿಲ್ಲ. ದೆನ್ನಿ ಅಂತ ಹೆಸರೂ ಇಟ್ಟಳು, ನಮ್ಮ ಮಾತಲ್ಲಿ ಪುಟ್ಟ ಕೂಸು ಅಂತ. ರಾಗಿ ಕುಟ್ಟುವಾಗಲೂ ಬೆನ್ನ ಮೇಲೆ ದೆನ್ನಿ, ನೀರಿಗೆ ಹೋದಾಗಲೂ ದೆನ್ನಿ. ಊರಿಗೆ ಊರೇ ಅವನನ್ನು ಎತ್ತಿ ಮುದ್ದಾಡಿತು.

ಸುದ್ದಿ ಕೇಳಿ ಮಾಸರಾನ್ ಬಂದಳು. ನದಿಯಾಚೆ ತಬ್ಬಲಿ ಚಿಂಪಾಂಜಿಗಳನ್ನು ಸಾಕುವ ಆಸರೆಮನೆಯಲ್ಲಿ ಅವಳಿಗೆ ಕೆಲಸ. ಅವಳು ಕೊಂಡೆ ಕುಲದವಳು, ಜೆನೆಬಾ ತ್ರಾವೊರೆ. ಈ ಎರಡು ಕುಲದವರು ಎದುರಾದರೆ ಮೊದಲು ಗೇಲಿ, ಆಮೇಲೆ ಮಾತು. ಅದು ತಾತಂದಿರ ಕಾಲದ ಪದ್ಧತಿ, ಒಬ್ಬರನ್ನೊಬ್ಬರು ಕಾಳುಬಾಕರು ಅಂತ ಹಂಗಿಸಬೇಕು, ಸಿಟ್ಟಾದವರೇ ಸೋತಂತೆ.

"ಏನೇ ಕಾಳುಬಾಕಿ, ಮಡಕೇಲಿರೋ ಅಲಸಂದೆ ಎಲ್ಲ ಈ ಕೂಸಿಗೂ ತಿನ್ನಿಸ್ತಿದೀಯಾ?" ಅಂತ ಮಾಸರಾನ್ ಶುರುಮಾಡಿದಳು.

"ನಿಮ್ಮ ಕುಲದೋರು ಬಂದ್ಹೋದ ಮೇಲೆ ಮಡಕೇಲಿ ಏನಾದ್ರೂ ಉಳಿಯೋದುಂಟಾ? ಕೂತ್ಕೋ, ನೀರು ಕುಡಿ. ಮರಿ ಮಾತ್ರ ಕೇಳ್ಬೇಡ."

"ಕೇಳೋಕೇ ಬಂದಿರೋದು."

"ಕೊಡಲ್ಲ ಕಣೆ. ಕಾಡುಪ್ರಾಣಿಗೆ ಕಾಡು ಕಲಿಸ್ತೀವಿ ಅಂತೀರಲ್ಲ, ಮೀನಿಗೆ ಈಜು ಕಲಿಸಿದ ಹಾಗಾಯ್ತು. ಇಲ್ಲಿ ಹೊಟ್ಟೆ ತುಂಬ ಉಣ್ತಾನೆ. ಅಲ್ಲಿ ಯಾರು ಇಕ್ಕೋರು?"

ಮಾಸರಾನ್ ನಗುತ್ತಲೇ ಹೇಳಿದಳು. "ಮೀನಿಗೆ ತಾಯಿ ಬೇಡ, ಇವಕ್ಕೆ ಬೇಕು. ಯಾವ ಹಣ್ಣು ತಿನ್ಬೇಕು, ಕೊಂಬೆ ಬಗ್ಗಿಸಿ ಹಾಸಿಗೆ ಹೇಗೆ ಮಾಡ್ಕೋಬೇಕು, ಯಾರಿಗೆ ಹೆದರ್ಬೇಕು, ಎಲ್ಲ ತಾಯೀನ ನೋಡೇ ಕಲಿಯೋದು. ತಾಯಿ ಇಲ್ಲದೋರನ್ನ ನಾವು ದಿನಾ ಕಾಡಿಗೆ ಕರ್ಕೊಂಡು ಹೋಗ್ತೀವಿ. ಮೊದಮೊದಲು ಎತ್ಕೋತೀವಿ. ಬೆಳೀತಾ ಬೆಳೀತಾ ದೂರ ನಿಲ್ತೀವಿ. ದೊಡ್ಡೋರ ಗುಂಪಿಗೆ ಸೇರಿಸ್ತೀವಿ. ಕೊನೆಗೆ ಅವೇ ಕೈ ಚಾಚಿದ್ರೂ ಮುಖ ತಿರುಗಿಸ್ತೀವಿ."

"ಎಂಥ ಕಲ್ಲು ಮನಸ್ಸಮ್ಮ ನಿಂದು."

ಅಷ್ಟರಲ್ಲಿ ನಮ್ಮೂರ ಮುದಿ ಬೇಟೆಗಾರ ಫಾಮೊರೊ ಹೆಗಲಿಗೆ ಕೋವಿ ಹಾಕಿಕೊಂಡು ಅಂಗಳಕ್ಕೆ ಬಂದ. ದೆನ್ನಿ ಜೆನೆಬಾಳ ಬೆನ್ನಿಂದ ಜಾರಿ ಇಳಿದು ನೇರ ಅವನ ಹತ್ತಿರ ಓಡಿದ. ಮೈಮೇಲೆ ಹತ್ತಿ, ಕೋವಿಯ ನಳಿಗೆಯನ್ನೇ ಹಿಡಿದು ಜೋತುಬಿದ್ದ. ನಾವೆಲ್ಲ ನಕ್ಕೆವು, ಮುದುಕನ ಮುಖ ಮಾತ್ರ ಸಪ್ಪಗಾಯಿತು.

"ಜೆನೆಬಾ, ಇದರ ಅವ್ವನ್ನ ಕೊಂದೋನೂ ಹೀಗೇ ಕೋವಿ ಹೊತ್ಕೊಂಡು ಬಂದಿದ್ದ. ನಮ್ಮೂರ ಬೇಟೆಗಾರರೇನೋ ಇವನ್ನ ಕೊಲ್ಲಲ್ಲ, ಸರಿ. ನಾಳೆ ಅವನೇ ಬಂದ್ರೆ, ಇದು ಅವನ ತೋಳಿಗೂ ಹೋಗ್ತದಲ್ಲಮ್ಮ."

ಜೆನೆಬಾ ಎದ್ದು ದೆನ್ನಿಯನ್ನು ಮುದುಕನ ಮೈಮೇಲಿಂದ ಬಿಡಿಸಿಕೊಂಡಳು. ತನ್ನ ಬಟ್ಟೆಯಲ್ಲೇ ಅವನನ್ನು ಸುತ್ತಿ ಮಾಸರಾನಳ ಬೆನ್ನಿಗೆ ತಾನೇ ಕಟ್ಟಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಹುಷಾರಾಗಿ ನೋಡ್ಕೋ ಕಣೆ" ಅಂದಳು, ಗೇಲಿ ಮಾಡುವುದನ್ನೂ ಮರೆತು.

ಎಷ್ಟೋ ಮಳೆಗಾಲ ಕಳೆದವು. ದೆನ್ನಿಯ ಗುಂಪನ್ನು ದೊಡ್ಡ ಕಾಡಿಗೆ ಬಿಟ್ಟಾಗಿತ್ತು. ಅವು ಹೇಗಿವೆಯೆಂದು ದೂರದಿಂದ ನೋಡಲು ಹೊರಟ ಮಾಸರಾನ್ ಜೆನೆಬಾಳನ್ನೂ ನನ್ನನ್ನೂ ದೋಣಿಗೆ ಹತ್ತಿಸಿಕೊಂಡಳು. ನಡುನದಿಯಲ್ಲಿ ದೋಣಿ ನಿಲ್ಲಿಸಿ, ಆಚೆ ದಡದ ಅತ್ತಿಮರದತ್ತ ಬೆರಳು ಮಾಡಿದಳು. "ಮೇಲಿನ ಕೊಂಬೇಲಿ ಹಣ್ಣು ಕೀಳ್ತಿದಾನಲ್ಲ, ಅವನೇ. ಉಸಿರೆತ್ತಬೇಡ."

ಜೆನೆಬಾ ಎಲ್ಲಿ ಕೇಳುತ್ತಾಳೆ? "ದೆನ್ನೀ" ಅಂತ ಕೂಗಿಯೇಬಿಟ್ಟಳು.

ಅವನು ತಿರುಗಿ ನೋಡಿದ. ನಮ್ಮನ್ನು ಕಂಡ. ಕಾಡೆಲ್ಲ ಕೇಳುವಂತೆ ಅರಚಿ ಗುಂಪಿಗೆ ಎಚ್ಚರಿಕೆ ಕೊಟ್ಟ. ಮರದಲ್ಲಿದ್ದವೆಲ್ಲ ದಬದಬ ಇಳಿದು ಪೊದೆಗೆ ನುಗ್ಗಿದವು, ಅವನೂ ಅವುಗಳ ಹಿಂದೆ ಮಾಯವಾದ.

ಇವಳಿನ್ನು ಅಳುತ್ತಾಳೆ ಅಂದುಕೊಂಡೆ. ಅವಳ ಮುಖ ನೋಡಬೇಕಿತ್ತು ನೀವು, ಹಬ್ಬದ ಕಳೆ ಬಂದಿತ್ತು.

"ನೋಡಿದ್ಯಾ ಅಕ್ಕ? ನನ್ನ ಮಗ ನನ್ನನ್ನೇ ನಂಬಲಿಲ್ಲ. ಇನ್ಯಾವ ಕೋವಿಯೋನ ಕೈಗೆ ಸಿಗ್ತಾನೆ ಹೇಳು."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಚಿಂಪಾಂಜಿ ಮರಿ ಕಂಡರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಮಾರಬೇಡಿ, ಕೊಳ್ಳಬೇಡಿ. ಅದು ಒಬ್ಬಂಟಿಯಾಗಿ ಸಿಕ್ಕಿದೆ ಎಂದರೆ ಅದರ ತಾಯಿ ಸತ್ತಿದ್ದಾಳೆ ಅಂತಲೇ ತಿಳಿಯಿರಿ. ಆವತ್ತೇ ಆಸರೆಮನೆಗೆ ಸುದ್ದಿ ಮುಟ್ಟಿಸಿ. ಕಾಡಿಗೆ ಬಿಟ್ಟವು ಕಣ್ಣಿಗೆ ಬಿದ್ದರೆ ಕರೆಯಬೇಡಿ, ತಿನ್ನಲು ಕೊಡಬೇಡಿ. ನಿಮ್ಮನ್ನು ಕಂಡು ಅದು ಓಡಿಹೋದರೆ ಬೇಸರ ಪಡಬೇಡಿ. ಎದೆಯುಬ್ಬಿಸಿ ಮನೆಗೆ ಬನ್ನಿ.