ಬಾಗಿಲ ಮೇಲಿನ ಇಪ್ಪತ್ತೆರಡು ರಾಜ್ಯಗಳು

ನನ್ನ ಟ್ರೇಲರ್ ಮನೆಗೆ ಚಕ್ರಗಳಿವೆ. ಅದನ್ನು ಎಳೆಯುವ ಟ್ರಕ್ಕು ಮಾತ್ರ ನನ್ನ ಬಳಿ ಎಂದೂ ಇರಲಿಲ್ಲ. ಆರು ವರ್ಷದ ಹಿಂದೆ ಮನೆ ಮಾರಿದವನೇ ಅರಿಜೋನಾದ ಈ ಟ್ರೇಲರ್ ಪಾರ್ಕಿಗೆ ಎಳೆದು ತಂದು ಬಿಟ್ಟುಹೋದ. ಅಂದಿನಿಂದ ಒಂದು ಗೇಣೂ ಕದಲಿಲ್ಲ.

ಬಾಗಿಲ ಮೇಲೆ ಅವನು ಅಂಟಿಸಿದ್ದ ಅಮೆರಿಕದ ನಕ್ಷೆಯೂ ಹಾಗೇ ಉಳಿಯಿತು. ಟ್ರೇಲರಿನಲ್ಲಿ ಮಲಗಿ ಎದ್ದ ರಾಜ್ಯಕ್ಕೆ ಮಾತ್ರ ಬಣ್ಣದ ಚೀಟಿ ಹಚ್ಚಬೇಕು, ಅದು ಟ್ರೇಲರಿನವರ ಕಟ್ಟುನಿಟ್ಟು. ಅವನವು ಇಪ್ಪತ್ತೆರಡು ಇದ್ದವು. ಕೀಳಬಹುದಿತ್ತು, ಕೀಳಲಿಲ್ಲ. ಬಂದವರು ಅದನ್ನು ನೋಡಿ ದಾರಿ ಕೇಳುತ್ತಿದ್ದರು, ನಾನು ಬುರುಡೆ ಬಿಡುತ್ತಿದ್ದೆ. ಟ್ರಕ್ಕೆಲ್ಲಿ ಎಂದರೆ ರಿಪೇರಿಗೆ ಹೋಗಿದೆ ಎನ್ನುತ್ತಿದ್ದೆ. ಗ್ಯಾಸ್ ಸಿಲಿಂಡರ್ ತುಂಬಿಸಲು ಸಹ ಕಂಡವರ ಮುಂದೆ ಹಲ್ಲು ಗಿಂಜುವವನಿಗೆ ಅಷ್ಟು ಮರ್ಯಾದೆಯಾದರೂ ಬೇಕೆನಿಸುತ್ತಿತ್ತು.

ಮೇ ತಿಂಗಳಲ್ಲಿ ಪಕ್ಕದ ಟ್ರೇಲರಿನ ರೋವೀನಾ ಬಂದಳು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಮೊದಲ ಸಲ ಒಬ್ಬಳೇ ದೂರ ಹೊರಟಿದ್ದಳು.

"ಲೈಲ್, ಕೊಲೊರಾಡೊ ಘಟ್ಟದಲ್ಲಿ ಟ್ರೇಲರ್ ಕಟ್ಕೊಂಡು ಇಳೀಬಹುದಾ?"

"ನಿಮಗೆ ಅದು ನೀರು ಕುಡಿದಷ್ಟು ಸುಲಭ" ಎಂದೆ.

ಹತ್ತು ದಿನದ ಮೇಲೆ, ಒಂದು ಮಂಗಳವಾರ, ಅವಳು ವಾಪಸ್ಸು ಬಂದಳು. ಇಳಿಜಾರಿನಲ್ಲಿ ಬ್ರೇಕ್ ಕಾದು ಹೊಗೆಯೆದ್ದಿತ್ತಂತೆ. ರಸ್ತೆ ಬದಿಯ ಮರಳಿಗೆ ನುಗ್ಗಿಸಿ ಜೀವ ಉಳಿಸಿಕೊಂಡಿದ್ದಳು.

"ಅಷ್ಟು ಸುಲಭದ ದಾರೀಲೂ ಹಿಡಿತ ತಪ್ತು ಅಂದ್ರೆ ನನ್ನ ಕಥೆ ಮುಗೀತು. ಶುಕ್ರವಾರ ಒಬ್ಬ ಬರ್ತಾನೆ, ಟ್ರಕ್ ಮಾರ್ಬಿಡ್ತೀನಿ" ಎಂದಳು. ಕಾಫಿ ಲೋಟ ಹಿಡಿದ ಕೈ ನಡುಗುತ್ತಿತ್ತು.

ಅವಳಿಗೆ ಬೀನ್ಸ್ ಬೇಯಿಸಿ ಕೊಟ್ಟೆ. ಮರುದಿನವೂ ಕೊಟ್ಟೆ, ಅದರ ಮರುದಿನವೂ ಕೊಟ್ಟೆ. ಟ್ರಕ್ಕು ಹೋದರೆ ಅವಳೂ ನನ್ನ ಹಾಗೆ ಇಲ್ಲೇ ಕೊಳೆಯಬೇಕು, ಎಲ್ಲದಕ್ಕೂ ಇನ್ನೊಬ್ಬರ ಮುಖ ನೋಡಬೇಕು. ಅದೆಂಥ ಬಾಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ನಿಜ ಹೇಳದೆ ಉಳಿದೆನಲ್ಲ, ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಶುಕ್ರವಾರ ಬಂದವನು ಟ್ರಕ್ಕಿನಡಿ ಬಗ್ಗಿ ನೋಡುತ್ತಿದ್ದಾಗ ಇನ್ನು ತಡೆಯಲಾಗಲಿಲ್ಲ. ಹೋಗಿ ಅವಳೆದುರು ನಿಂತೆ.

"ಆ ಕೊಲೊರಾಡೊ ಘಟ್ಟ ನಾನು ನೋಡೇ ಇಲ್ಲ, ರೋವೀನಾ. ಯಾವ ದಾರೀನೂ ನೋಡಿಲ್ಲ. ಚೀಟಿಗಳೆಲ್ಲ ಹಳೇ ಮಾಲೀಕನವು. ನನ್ನ ಹತ್ರ ಟ್ರಕ್ಕೇ ಇರ್ಲಿಲ್ಲ."

"ಕೊಲೊರಾಡೊ ಘಟ್ಟನಾ?" ಎಂದ ಟ್ರಕ್ ಕೊಳ್ಳಲು ಬಂದವನು, ಮೊಣಕಾಲಿನ ಧೂಳು ಕೊಡವುತ್ತ. "ಅಲ್ಲಿ ದೊಡ್ಡ ಲಾರಿಯವರೇ ಹೆದರ್ತಾರಮ್ಮ."

ರೋವೀನಾ ತನ್ನ ಕೈಗಳನ್ನೇ ನೋಡಿಕೊಂಡಳು. ಆಮೇಲೆ ಅವನಿಗೆ, "ಕ್ಷಮಿಸಪ್ಪ, ಟ್ರಕ್ ಮಾರಲ್ಲ" ಎಂದು ಹೇಳಿ ಕಳಿಸಿದಳು.

ಬೈಯುತ್ತಾಳೆಂದು ನಾನು ತಲೆತಗ್ಗಿಸಿ ನಿಂತೇ ಇದ್ದೆ. ಅವಳು ದನಿ ಏರಿಸಲಿಲ್ಲ.

"ಸುಳ್ಳು ಹೇಳಿದ್ದು ಹೋಗ್ಲಿ, ಲೈಲ್. ಮೂರು ದಿನ ನನ್ನ ಕೈ ನಡುಗೋದನ್ನ ನೋಡ್ಕೊಂಡು ಅದ್ಹೇಗೆ ಊಟ ಬಡಿಸಿದ್ರಿ?"

ಉತ್ತರಕ್ಕೆ ಕಾಯದೆ ಅವಳು ತನ್ನ ಟ್ರೇಲರಿನೊಳಗೆ ಹೋದಳು.