ದರ್ಭೆಯ ಅಳತೆ

“ಚಟ್ಟ ಕಟ್ಟಿ ಆಗೇದ. ಆ ಗಾಡಿ ವಾಪಸ್ ಕಳಸು,” ಎಂದು ರಘುನಂದನ ಬಾಗಿಲಿಗೆ ಅಡ್ಡ ನಿಂತ.

ಒಳಗೆ ಅವನ ಅತ್ತಿಗೆ ಶ್ರೀರಮಾಳ ದೇಹವಿತ್ತು. ಕಾಶಿಯ ಕೇದಾರ ಘಾಟಿನ ಓಣಿಯ ತುದಿಯಲ್ಲಿ ವೈದ್ಯಕೀಯ ಕಾಲೇಜಿನ ಗಾಡಿ ಬೆಳಗಿನಿಂದ ಕಾದಿತ್ತು. ಸತ್ತ ಮೇಲೆ ತನ್ನ ದೇಹ ಓದುವ ಮಕ್ಕಳಿಗೆ ಹೋಗಲಿ ಎಂದು ಅವಳು ಬರೆದುಕೊಟ್ಟಿದ್ದಳು. ಈಗ ಗಂಡ ಬದರೀನಾರಾಯಣರು ಒಪ್ಪಬೇಕಿತ್ತು. ಕರ್ನಾಟಕದಿಂದ ಬಂದವರ ಅಪರಕರ್ಮ ಮಾಡಿಸುತ್ತಲೇ ಆಯುಷ್ಯ ಕಳೆದ ಅವರು ಕಂಬಕ್ಕೊರಗಿ ಕೂತಿದ್ದರು.

“ಇದೆಲ್ಲಾ ನಿನ್ನ ಥೀಸಿಸ್ಸಿನ ಕರಾಮತ್ತು,” ಎಂದು ರಘುನಂದನ ಅಣ್ಣನ ಮಗಳು ಅಂಬುಜಾಕ್ಷಿಯ ಮೇಲೆ ಹರಿಹಾಯ್ದ.

ಸುಳ್ಳಲ್ಲ. ತುರ್ಕರ ಆಟೋಮನ್ ಸಾಮ್ರಾಜ್ಯದ ಸೈನಿಕ ಶಾಲೆಗಳಲ್ಲಿ ವಿಜ್ಞಾನ ಕಲಿಸಿದ ಚರಿತ್ರೆ ಅವಳ ಸಂಶೋಧನೆ. ಸುಧಾರಣೆಯ ಕಾಲದಲ್ಲಿ ಸೈನ್ಯಕ್ಕೆ ವೈದ್ಯರು ಬೇಕೆಂದು ಶಾಲೆ ತೆರೆದರು. ಆದರೆ ಹೆಣ ಕೊಯ್ಯುವಂತಿರಲಿಲ್ಲ, ಹುಡುಗರು ಮೇಣದ ಗೊಂಬೆ ನೋಡಿಯೇ ಶರೀರ ಕಲಿಯಬೇಕಿತ್ತು. ಸುಲ್ತಾನ ಅಪ್ಪಣೆ ಕೊಟ್ಟ ಮೇಲೆಯೇ ನಿಜವಾದ ದೇಹ ಶಾಲೆಯೊಳಗೆ ಬಂದದ್ದು. ಅಪ್ಪ ಇದನ್ನು ತುರ್ಕರ ಪುರಾಣ ಎಂದು ಚೇಷ್ಟೆ ಮಾಡುತ್ತಿದ್ದರು. ಅಮ್ಮ ಮಾತ್ರ ಬಟಾಣಿ ಸುಲಿಯುತ್ತ ಪೂರ್ತಿ ಕೇಳಿದ್ದಳು.

“ಅಲ್ಲಿ ತನಕಾ ಆ ಹುಡುಗೂರು ಯಾರ ಮೈ ಕೊಯ್ದು ಕಲ್ತರವಾ? ಗಾಯ ಆಗಿ ಬಂದ ಜೀವಂತ ಸಿಪಾಯಿಗಳದ್ದೇನು?” ಎಂದು ಕೇಳಿದ್ದಳು; ಆಮೇಲೆಯೇ ಕಾಲೇಜಿಗೆ ಬರೆದುಕೊಟ್ಟದ್ದು.

“ಕಾಕಾ, ಇದು ಅಮ್ಮನ ಇಚ್ಛಾ,” ಎಂದಳು ಅಂಬುಜಾಕ್ಷಿ.

“ಕಾಶ್ಯಾಗ ಸತ್ತು ಮಣಿಕರ್ಣಿಕಾದ ಬೆಂಕಿ ಇಲ್ಲಂದ್ರ ಹ್ಯಾಂಗ? ನಾಳೆ ಯಾತ್ರಿಕರು ಯಾವ ನಂಬಿಗಿ ಮ್ಯಾಲೆ ಅಣ್ಣನ್ನ ಕರೀತಾರ?”

ಅಂಬುಜಾಕ್ಷಿ ಅಪ್ಪನ ಕಡೆ ನೋಡಿದಳು. ಅಪ್ಪ ಬೇಡವೆಂದರೆ ಅಮ್ಮನ ಮಾತೂ ಇವತ್ತೇ ಸುಟ್ಟುಹೋಗುತ್ತದೆ. ಅಪ್ಪನ ಮೇಲೆ ಸಿಟ್ಟು ಬಂತು, ಆ ಮುಖ ನೋಡಿದರೆ ಮರುಕವೂ ಬಂತು.

ಗಾಡಿಯವನು ಬಂದು, “ಪಂಡಿತ್‌ಜೀ, ದೇರ್ ಹೋತ್ ಬಾ,” ಎಂದು ಅವಸರ ಮಾಡಿದ.

ಬದರೀನಾರಾಯಣರು ಎದ್ದರು. “ರಘು, ಗಂಗ್ಯಾಗ ಕೊಚ್ಚಿ ಹೋದವರಿಗೆ ನಾವೇನು ಮಾಡಸ್ತೀವಿ?”

“ದರ್ಭಿಲೆ ಆಕೃತಿ ಮಾಡಿ ಸುಡಸ್ತೀವಿ. ಆದರ ಅದು ದೇಹಾ ಸಿಗದವರಿಗೆ!”

“ಅಕೀದೂ ಇನ್ನ ನಮಗ ಸಿಗಂಗಿಲ್ಲಲ್ಲೋ. ಬಾಗಲಾ ಬಿಡು.”

ರಘುನಂದನ ಪಕ್ಕಕ್ಕೆ ಸರಿದ.

ಗಾಡಿ ದೇಹ ಹೊತ್ತು ಹೋದ ಮೇಲೆ ಬದರೀನಾರಾಯಣರು ಪಡಸಾಲೆಯಲ್ಲಿ ಕೂತು ದರ್ಭೆ ಹರವಿದರು. ತಲೆ, ತೋಳು, ಕಾಲು, ಒಂದೊಂದಾಗಿ ಕಟ್ಟಿದರು. ಯಾರ‍್ಯಾರದೋ ಮನೆಯವರಿಗೆ ಎಷ್ಟೋ ಸಲ ಕಟ್ಟಿದ ಕೈ; ಕೆಲಸ ಬೇಗನೆ ಮುಗಿಯಿತು. ಎತ್ತಿ ಹಿಡಿದು ನೋಡಿದರು.

“ಇಷ್ಟು ಎತ್ತರ ಇರಲಿಲ್ಲ ಅಕಿ,” ಎಂದು ಕಾಲಿನ ಗಂಟು ಬಿಚ್ಚತೊಡಗಿದರು.